ಬಂದವ್ನೆ, ಆಡ್ತಾವ್ನೆ: ಮೂಲೇಲಿ ಏಳೋ ಚೀಟಿಯ ಹಿಂದಿನ ಕತೆ

ಹೋದ ಸಲ ಹುಣಸೇಹಣ್ಣಿನ ಬೀಜ ಬಿಡಿಸಿ ಮಡಕೆಗೆ ಒತ್ತಿಡೋದ್ರ ಬಗ್ಗೆ ಬರ್ದಿದ್ದೆ. ಅದನ್ನ ಓದಿದ ನಮ್ಮ ಚಿಕ್ಕವ್ವ ಫೋನ್ ಮಾಡಿ, "ಹುಣಸೇಹಣ್ಣು ನಂಗೂ ಗೊತ್ತು ಕಣವ್ವ. ನಮ್ಮನೆ ಹೈದ ಕಂಪ್ಯೂಟರ್ ಮುಂದೆ ಕೂತಿದ್ರೆ ಬಲಗಡೆ ಮೂಲೇಲಿ ಗಳಿಗೆಗೊಂದು ಚೀಟಿ ಏಳ್ತದಲ್ಲ, ಅದೇನು ಅಂತ ಬರಿ" ಅಂದ್ರು. ಏನು ಅಂತ ಹೇಳೋದು ಎರಡು ಮಾತಿನ ಕೆಲ್ಸ. ಎಲ್ಲಿಂದ ಬಂತು ಅಂತ ಹುಡುಕೋಕೆ ಹೋದ್ರೆ ಮಾತ್ರ ನಮ್ಮಜ್ಜಿ ಬಾಗ್ಲಿಗೆ ಬಿಡ್ತಿದ್ದ ರಂಗೋಲಿ ಗಂಟ ಹೋಗಬೇಕಾಯ್ತದೆ. ನಾನು ಪಿಯುಸಿಗೆ ಓದು ನಿಲ್ಲಿಸ್ದೋಳು, ಇಂಗ್ಲಿಷನ್ನ ಕೂಡಿಸ್ಕಂಡು ಕೂಡಿಸ್ಕಂಡು ಓದ್ತೀನಿ. ಚಿಕ್ಕ ಮಗ ಒಸಿ ತೋರಿಸ್ಕೊಟ್ಟ, ಮಿಕ್ಕಿದ್ದು ನಾನೇ ಓದಿ ತಿಳ್ಕಂಡಿದ್ದು.

ಸ್ಟೀಮ್ ಅಂತ ಒಂದು ಅಂಗಡಿ ಅದೆ. ಇಡ್ಲಿ ಬೇಯಿಸೋ ಹಬೆ ಅಲ್ಲ, ಹೆಸರು ಮಾತ್ರ ಅದೇ. ಕಂಪ್ಯೂಟರ್ ಒಳಗೇ ಇರೋ ಅಂಗಡಿ, ಅಲ್ಲಿ ಆಟ ಮಾರ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರೋ ವಾಲ್ವ್ ಅನ್ನೋ ಕಂಪ್ನಿಯವ್ರದು. ಅಲ್ಲಿ ಆಟ ಕೊಂಡ ಹೈಕ್ಳು ಒಬ್ಬರನ್ನೊಬ್ರು ಫ್ರೆಂಡ್ ಅಂತ ಸೇರಿಸ್ಕತಾರೆ, ಶುರುವಿಗೆ 250 ಜನರ ಗಂಟ ಸೇರಿಸ್ಕಬಹುದು. ಆ ಪಟ್ಟೀಲಿರೋ ಒಬ್ಬ ಕಂಪ್ಯೂಟರ್ ಹಾಕಿದ ಅಂದ್ರೆ ಮಿಕ್ಕೋರ ಪರದೆ ಮೂಲೇಲಿ ಚೀಟಿ ಏಳ್ತದೆ: ಇಂಥೋನು ಬಂದವ್ನೆ. ಆಟ ಶುರು ಮಾಡಿದ್ರೆ ಇನ್ನೊಂದು ಚೀಟಿ: ಇಂಥೋನು ಈಗ ಇಂಥ ಆಟ ಆಡ್ತಾವ್ನೆ. ಇದನ್ನ ಅವ್ನು ಬರ್ದು ಕಳಿಸಿರಲ್ಲ. ಅವ್ನು ಕೂತ್ರೆ ಸಾಕು, ತಾನಾಗೇ ಹೋಯ್ತದೆ. ನಮ್ಮನೇಲಿ ಈ ತಾನಾಗೇ ಹೋಗೋದ್ರಿಂದ ಏನೇನಾಯ್ತು ಅಂತ ಆಮೇಲೆ ಹೇಳ್ತೀನಿ.

ಸುದ್ದಿ ಹೇಳೋದು ಬೇರೆ, ಸುದ್ದಿ ಕಾಣೋದು ಬೇರೆ. ಹೇಳೋ ಸುದ್ದಿಗೆ ನಮ್ಮ ಕಡೆ ಊರೂರಲ್ಲೂ ತಮಟೆ ಇತ್ತು. ಕಂದಾಯ ಕಟ್ಟೋಕೆ, ಹಬ್ಬ ಸಾರೋಕೆ, ಸಾವಿನ ಸುದ್ದಿ ನೆಂಟರೂರಿಗೆ ಮುಟ್ಟಿಸೋಕೆ ತೋಟಿ, ತಳವಾರ್ರು ಓಡಾಡ್ತಿದ್ರು. ಮಳೆ ಬಿಸ್ಲು ಅನ್ನದೆ ಸುದ್ದಿ ತಂದೋರನ್ನ ಜಗಲಿಯಿಂದಾಚೆಗೇ ನಿಲ್ಲಿಸಿ ಮಾತಾಡಿಸ್ತಿದ್ದ ಕಾಲ ಅದು. ನಮ್ಮ ಸುದ್ದಿ ಬೇಕಿತ್ತು, ಅದನ್ನ ಹೊತ್ತೋರು ಒಳಕ್ಕೆ ಬೇಕಿರ್ಲಿಲ್ಲ.

ಆದ್ರೆ ಯಾರೂ ಹೇಳದೆ ಕಾಣ್ತಿದ್ದ ಸುದ್ದಿ ಇನ್ನೂ ಜಾಸ್ತಿ. ಹೊತ್ತಾರೆ ಎದ್ದು ಬಾಗ್ಲಿಗೆ ನೀರಾಕಿ ರಂಗೋಲಿ ಬಿಟ್ರೆ ಆ ಮನೇಲಿ ಎಲ್ಲ ಸರಿಯಾಗದೆ ಅಂತ ಅರ್ಥ. ರಂಗೋಲಿ ಇಲ್ಲ ಅಂದ್ರೆ ನೀರು ತರೋಕೆ ಹೋಗೋ ಹೆಂಗಸ್ರು ನಿಂತು ನೋಡ್ತಿದ್ರು. ಸೂತಕವೋ, ಯಾರ್ಗಾರ ಹುಷಾರಿಲ್ಲವೋ, ರಾತ್ರಿ ಜಗಳವೋ. ಹೊಗೆ ಎದ್ದಿಲ್ಲ ಅಂದ್ರೆ ಒಲೆ ಹತ್ತಿಲ್ಲ. ನಮ್ಮ ವೈದ್ಯನಾಥಪುರದಲ್ಲಿ ಶಿಂಷಾ ಹೊಳೆಗೆ ಬಟ್ಟೆ ತಗೊಂಡು ಹೋಗ್ತಿದ್ದಾಗ, ಯಾರ ಗಂಟಲ್ಲಿ ಎಷ್ಟು ಬಟ್ಟೆ, ಯಾವ್ದು ಬಾಣಂತಿ ಬಟ್ಟೆ ಅಂತ ಕಲ್ಲಿನ ಮೇಲೆ ಕುಕ್ಕೋವಾಗ್ಲೇ ಲೆಕ್ಕ ಸಿಕ್ತಿತ್ತು.

ಎಲ್ಲಕ್ಕಿಂತ ದೊಡ್ಡ ಚೀಟಿ ಯಾವ್ದು ಅಂತ ನಿಮಗೂ ಗೊತ್ತು, ಹೇಳೋಕೆ ನಾಚ್ಕೆ ಅಷ್ಟೆ. ತಿಂಗಳಿಗೆ ಮೂರು ದಿನ ನಾವು ಹೊರಗೆ ಕೂತ್ರೆ ಬೀದಿಗೆಲ್ಲ ಗೊತ್ತಾಯ್ತಿತ್ತು. ಮಾವನಿಗೆ ಗೊತ್ತು, ಹಾಲು ಹಾಕೋನಿಗೆ ಗೊತ್ತು, ಎದುರುಮನೆ ಹೈಕಳಿಗೂ ಗೊತ್ತು. ಮದುವೆಯಾಗಿ ಎರಡು ವರ್ಷ ಆಗಿ, ಇನ್ನೂ ತಿಂಗ್ಳು ತಿಂಗ್ಳು ಹೊರಗೆ ಕೂರ್ತಾವ್ಳೆ ಅಂದ್ರೆ ಅದ್ರ ಅರ್ಥಾನೂ ಬೀದಿಗೆ ಗೊತ್ತು. ಆ ತಿಂಗ್ಳು ಕೂರ್ಲಿಲ್ಲ ಅಂದ್ರೆ ಗಂಡನಿಗೆ ಹೇಳೋಕೆ ಮುಂಚೆ ಪಕ್ಕದ ಮನೆಯೋರು ನಕ್ಕಂಡು ಕೇಳ್ತಿದ್ರು. ನಮ್ಮ ಮೈಯ ಸುದ್ದಿ ನಾವು ಹೇಳೋ ಮುಂಚೆನೇ ಹೋಯ್ತಿತ್ತು. ಅದನ್ನ ನಿಲ್ಸೋ ಗುಂಡಿ ನಮ್ಮ ಕೈಲಿ ಇರ್ಲಿಲ್ಲ.

ರೇಡಿಯೋ ಬಂದ್ಮೇಲೆ ಇನ್ನೊಂದು ಥರ ಆಯ್ತು. ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಮನೇಲೇ ಶುರು ಮಾಡಿದ ನಿಲಯ ಆಮೇಲೆ ಎಲ್ರ ಮನೆ ಮಾತಾಯ್ತು, ಆಕಾಶವಾಣಿ ಅನ್ನೋ ಹೆಸರೂ ಅಲ್ಲಿಂದ್ಲೇ. ನಾವು ಹುಡುಗೀರಾಗಿದ್ದಾಗ ಚಿತ್ರಗೀತೆ ಕೇಳಿ ಕಾರ್ಡ್ ಬರೆದ್ರೆ, ಹಾಡು ಹಾಕೋಕೆ ಮುಂಚೆ ಕೇಳಿದೋರ ಹೆಸರು, ಊರು ಓದ್ತಿದ್ರು. ನಮ್ಮ ಸೋದರತ್ತೆ ಮಗಳೊಬ್ಬಳು ಹಿಂಗೇ ಕಾರ್ಡ್ ಹಾಕಿದ್ಲು. ಅವಳ ಹೆಸರು, ಅವಳಪ್ಪನ ಊರು ಎರಡೂ ರೇಡಿಯೋಲಿ ಬಂತು, ಅದೂ ಒಂದು ಪ್ರೇಮದ ಹಾಡಿಗೆ. ಊರಲ್ಲಿದ್ದಿದ್ದು ನಾಕೋ ಐದೋ ರೇಡಿಯೋ, ಅಷ್ಟು ಸಾಕಾಯ್ತು. ಒಂದು ವಾರ ಮಾವ ಅವಳ ಕೂಡೆ ಮಾತಾಡ್ಲಿಲ್ಲ. ಆಮೇಲಿಂದ ನಾವೆಲ್ಲ ಕಾರ್ಡಲ್ಲಿ ತಮ್ಮಂದಿರ ಹೆಸರು ಬರೆಯೋಕೆ ಶುರು ಮಾಡಿದ್ವಿ. ಹಾಡು ನಮ್ದು, ಹೆಸರು ಅವ್ರದು. ಮೂರನೇ ಕ್ಲಾಸಿನ ನನ್ನ ತಮ್ಮ ಎಂಥೆಂಥ ವಿರಹದ ಹಾಡು ಕೇಳವ್ನೆ ಅಂತ ಈಗ್ಲೂ ನಗಾಡ್ತೀವಿ.

ಫೋನಿನ ಕತೆ ನಿಮಗೆಲ್ಲ ಗೊತ್ತಿರೋದೇ. ಮದುವೆ ಕಾಗದದಲ್ಲಿ ಪಕ್ಕದ ಮನೆ ನಂಬರ್ ಬರ್ದು ಮುಂದೆ ಪಿ.ಪಿ. ಅಂತ ಹಾಕ್ತಿದ್ದ ಕಾಲ, ಮದ್ದೂರಿನ ಎಸ್‌ಟಿಡಿ ಬೂತಲ್ಲಿ ಮೀಟರ್ ಓಡೋದನ್ನೇ ನೋಡ್ತಾ ಮಾತಾಡ್ತಿದ್ದ ಕಾಲ. ಮೊಬೈಲಿನ ಮೊದಲ ಕರೆ ನಮ್ಮ ದೇಶದಲ್ಲಿ ಆಗಿದ್ದು 1995ರ ಜುಲೈ 31ಕ್ಕೆ. 2003ರ ಗಂಟ ಬಂದ ಕರೆ ಎತ್ತಿದ್ರೂ ಕಾಸು ಕೊಡಬೇಕಿತ್ತು. ಅದಕ್ಕೇ ಮಿಸ್ಡ್ ಕಾಲ್ ಹುಟ್ಟಿದ್ದು. ಬೆಂಗಳೂರಿಗೆ ಹೋದೋರು ಒಂದು ರಿಂಗ್ ಕೊಟ್ರೆ ತಲುಪಿದ್ರು ಅಂತ, ಎರಡು ರಿಂಗ್ ಕೊಟ್ರೆ ವಾಪಸ್ ಮಾಡಿ ಅಂತ. ಕೊಡೋನು ತಾನೇ ಬೇಕು ಅಂತ ಕೊಟ್ಟ ಸುದ್ದಿ ಅದು, ಎಷ್ಟು ಬೇಕೋ ಅಷ್ಟೇ. ನನ್ನ ಕೇಳಿದ್ರೆ ಇಷ್ಟು ಕಾಲದಲ್ಲಿ ಬಂದ ಚೀಟಿಗಳಲ್ಲೆಲ್ಲ ಮಿಸ್ಡ್ ಕಾಲಿನಷ್ಟು ಮರ್ಯಾದಸ್ತ ಚೀಟಿ ಇನ್ನೊಂದಿಲ್ಲ.

ಕಂಪ್ಯೂಟರಿನ ಕಡೆ ನೋಡಿದ್ರೆ ಅಲ್ಲೂ ಇದು ಹಳೇ ರೋಗವೇ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲೆಸ್ ಅರ್ನೆಸ್ಟ್ ಅನ್ನೋರು ಫಿಂಗರ್ ಅಂತ ಒಂದು ಪ್ರೋಗ್ರಾಂ ಬರೆದ್ರು. ಆಗ ಒಂದೇ ದೊಡ್ಡ ಕಂಪ್ಯೂಟರನ್ನ ಬೇಕಾದಷ್ಟು ಜನ ಹಂಚ್ಕಂಡು ಕೆಲ್ಸ ಮಾಡ್ತಿದ್ರು. ಈಗ ಯಾರ್ಯಾರು ಕೂತವ್ರೆ ಅನ್ನೋ ಪಟ್ಟಿ ತೆಗೆದು, ಜನ ಅದ್ರ ಮೇಲೆ ಬೆರಳಾಡಿಸ್ಕಂಡು ಬೇಕಾದೋರ ಹೆಸರು ಹುಡುಕ್ತಿದ್ದಿದ್ದನ್ನ ನೋಡಿ ಅವ್ರು ಬೆರಳು ಅಂತ್ಲೇ ಹೆಸರಿಟ್ರಂತೆ. ಒಬ್ಬರ ಹೆಸರು ಕೊಟ್ರೆ ಅವ್ರು ಇದ್ದಾರೋ ಇಲ್ವೋ, ಕೊನೇಲಿ ಯಾವಾಗ ಬಂದಿದ್ರು ಅಂತ ಹೇಳ್ತಿತ್ತು. ನಂಗೆ ಹಿಡಿಸಿದ್ದು ಇದ್ರ ಮುಂದಿನ ಮಾತು. ಇಲ್ಲದೇ ಇದ್ರೆ ಯಾಕಿಲ್ಲ ಅಂತ ನಾವೂ ಒಂದು ಮಾತು ಬರ್ದಿಡಬೇಕು ಅಂತ ಜನ ಕೇಳಿದ್ರು, ಅದಕ್ಕೆ ಅಂತ್ಲೇ ಅದ್ರಲ್ಲಿ ಜಾಗ ಮಾಡ್ಕೊಟ್ರು. ಬಾಗ್ಲಿಗೆ ಬೀಗ ಹಾಕಿ "ಅವ್ವನ ಮನೆಗೆ ಹೋಗಿವ್ನಿ" ಅಂತ ಪಕ್ಕದ ಮನೆಗೆ ಹೇಳಿ ಹೋಗೋದು ಇನ್ನೇನು?

1996ರಲ್ಲಿ ಇಸ್ರೇಲಿನ ಹುಡುಗ್ರು ಐಸಿಕ್ಯೂ ಅಂತ ಮಾಡಿದ್ರು. ಇಲ್ಲಿ ಬೆರಳಾಡಿಸೋ ಕೆಲ್ಸಾನೂ ಇಲ್ಲ. ಫ್ರೆಂಡ್ ಬಂದ ಅಂದ್ರೆ ನಿನ್ನ ಪಟ್ಟೀಲಿ ಅವ್ನ ಹೂವಿನ ಗುರ್ತು ಹಸಿರಾಗ್ತಿತ್ತು. ಮಾರನೇ ವರ್ಷ ಅಮೆರಿಕದಲ್ಲಿ ಎಐಎಮ್ ಅಂತ ಬಂತು, ಅದ್ರಲ್ಲಿ ಫ್ರೆಂಡ್ ಬಂದ್ರೆ ಬಾಗ್ಲು ತೆಗೆದ ಸದ್ದು, ಹೋದ್ರೆ ಬಾಗ್ಲು ಮುಚ್ಚಿದ ಸದ್ದು. ಸದ್ದು ಮಾಡಿದೋನಿಗೆ ಬಾಗ್ಲು ಗೊತ್ತಿತ್ತು, ಆದ್ರೆ ಕದ ಒರೆ ಮಾಡಿ ಒಳಗೆ ಕೂರೋದೂ ಬಾಗ್ಲಿನ ಕೆಲ್ಸವೇ ಅಲ್ವಾ. ಅದನ್ನ ಬೇಗ ಕಲ್ತೋರು ಐಸಿಕ್ಯೂನೋರೇ. ಬಂದಿದ್ರೂ ಬಂದಿಲ್ಲ ಅಂತ ತೋರಿಸೋ ಇನ್‌ವಿಸಿಬಲ್ ಅನ್ನೋದು ಅದ್ರಲ್ಲಿ ಇತ್ತು, ಯಾಹೂ ಮೆಸೆಂಜರಲ್ಲೂ ಇತ್ತು. ಕಾಣದಂಗಿರೋದು ಅಂತ ಅದ್ರ ಅರ್ಥ. ನಾವು ದಿನಾ ಬಳಸೋ ವಾಟ್ಸಾಪೂ 2009ರಲ್ಲಿ ಶುರುವಾದಾಗ ಮೆಸೇಜು ಕಳಿಸೋಕಲ್ಲ, ಹೆಸರಿನ ಪಕ್ಕ "ಜಿಮ್ಮಲ್ಲಿವ್ನಿ", "ಬ್ಯಾಟ್ರಿ ಇಲ್ಲ" ಅಂತ ಸ್ಥಿತಿ ಹಾಕೋಕೆ ಅಂತ. ಜನ ಅದನ್ನೇ ಮಾತಾಡೋಕೆ ಬಳಸಿ ಅದ್ರ ದಿಕ್ಕು ಬದಲಾಯಿಸಿದ್ರು.

ಈಗ ಸ್ಟೀಮಿಗೆ ಬಂದ್ವಿ. ಅದು ಹುಟ್ಟಿದ್ದು 2003ರ ಸೆಪ್ಟೆಂಬರ್ 12. ಆಗ ಅದು ಅಂಗಡಿ ಅಲ್ಲ. ವಾಲ್ವ್‌ನೋರು ತಮ್ಮ ಕೌಂಟರ್ ಸ್ಟ್ರೈಕ್ ಥರದ ಆಟಗಳಿಗೆ ರಿಪೇರಿ ಕಳಿಸೋಕೆ ಮಾಡ್ಕಂಡಿದ್ದ ಏರ್ಪಾಟು. 2004ರಲ್ಲಿ ಹಾಫ್ ಲೈಫ್ 2 ಅನ್ನೋ ಆಟ ಬಂದಾಗ, ಸ್ಟೀಮ್ ಇಲ್ದೆ ಆಟ ನಡೆಯೋದೇ ಇಲ್ಲ ಅಂದ್ರು, ಹೈಕ್ಳು ಬಾಯಿಗೆ ಬಂದಂಗೆ ಬೈದ್ರು. ಫ್ರೆಂಡ್ಸ್ ಪಟ್ಟಿ ಅಂತ ಒಂದಿತ್ತು, ಅದು ಶುರುವಲ್ಲಿ ನಡೆದಿದ್ದಕ್ಕಿಂತ ಕೆಟ್ಟು ನಿಂತಿದ್ದೇ ಜಾಸ್ತಿ.

ಆ ಕಾಲದಲ್ಲಿ ಬೆಂಗಳೂರು, ಮೈಸೂರಿನ ಹೈಕ್ಳಿಗೆ ಅದು ಬೇಕೂ ಇರ್ಲಿಲ್ಲ. ಗಂಟೆಗೆ ಇಷ್ಟು ಅಂತ ಕೊಟ್ಟು ಸೈಬರ್ ಕೆಫೇಲಿ ಸಾಲಾಗಿ ಕೂತು ಕೌಂಟರ್ ಸ್ಟ್ರೈಕ್ ಆಡ್ತಿದ್ರು. ಪಕ್ಕದ ಕುರ್ಚೀಲಿ ಕೂತೋನ ಬಗ್ಗೆ ಚೀಟಿ ಯಾಕೆ ಬೇಕು? ನಮ್ಮ ದೊಡ್ಡೋನು ಇಂಜಿನಿಯರಿಂಗ್ ಓದ್ತಿದ್ದಾಗ ಹಂಗೇ ಆಡ್ತಿದ್ದ, ತಿಂಡಿ ಕಾಸು ಎಲ್ಲಿ ಹೋಯ್ತದೆ ಅಂತ ನಮ್ಮನೆಯವ್ರಿಗೆ ಗೊತ್ತಾಗಿದ್ದು ಅವ್ನ ರೂಮ್‌ಮೇಟ್ ಬಾಯಿಂದ. ನೋಡಿ, ಚೀಟಿ ಇಲ್ಲದಿದ್ರೂ ಸುದ್ದಿ ಬಂದೇ ಬತ್ತದೆ.

ಸ್ಟೀಮ್ ಕಮ್ಯುನಿಟಿ ಅಂತ ಪ್ರತಿಯೊಬ್ಬರಿಗೂ ಒಂದೊಂದು ಪುಟ ಕೊಟ್ಟಿದ್ದು 2007ರಲ್ಲಿ. ಯಾರು ಯಾವ ಆಟ ಎಷ್ಟು ಗಂಟೆ ಆಡವ್ರೆ ಅಂತ ಆ ಪುಟದಲ್ಲಿ ಕಾಣ್ತದೆ. ನಮ್ಮ ರೂಪಾಯೀಲಿ ಬೆಲೆ ತೋರಿಸೋಕೆ ಶುರು ಮಾಡಿದ್ದು 2015ರ ನವೆಂಬರಲ್ಲಿ, ಅಲ್ಲಿಗಂಟ ಡಾಲರು. 2020ರ ಮಾರ್ಚಲ್ಲಿ ಕೊರೋನಾ ಬಂದು ಎಲ್ರೂ ಮನೇಲಿ ಕೂತಾಗ ಒಂದೇ ಹೊತ್ನಲ್ಲಿ ಸ್ಟೀಮಲ್ಲಿದ್ದೋರ ಲೆಕ್ಕ 2 ಕೋಟಿ ದಾಟ್ತು. 2025ರ ಮಾರ್ಚಿಗೆ ಅದು 4 ಕೋಟಿ. ಅಷ್ಟು ಜನರ ಬಾಗ್ಲ ಸದ್ದು ಯಾವ್ಯಾವ್ದೋ ಮೂಲೇಲಿ ಏಳ್ತಾನೇ ಇರ್ತದೆ.

ಇದ್ರಲ್ಲಿ ನಿಂತು ನೋಡಬೇಕಾದ ವರ್ಷ 2018. ಅಲ್ಲಿಗಂಟ ಯಾರು ಏನು ಆಡ್ತಾವ್ರೆ ಅನ್ನೋದು, ಆಡೋರು ಏನೂ ಮಾಡದೇ ಇದ್ರೆ, ಲೋಕಕ್ಕೆಲ್ಲ ಕಾಣಂಗೆ ತೆರೆದೇ ಇರ್ತಿತ್ತು. ಹಂಗೆ ತೆರೆದಿದ್ದ ಪುಟಗಳನ್ನ ಎಣಿಸಿ ಯಾವ ಆಟ ಎಷ್ಟು ಮಾರಾಟ ಆಯ್ತು ಅಂತ ಅಂದಾಜು ಹೇಳೋ ಸ್ಟೀಮ್ ಸ್ಪೈ ಅನ್ನೋದೂ ನಡೀತಿತ್ತು. ಆ ಏಪ್ರಿಲಲ್ಲಿ ವಾಲ್ವ್‌ನೋರು ಆಟದ ವಿವರಕ್ಕೇ ಬೇರೆ ಕದ ಇಟ್ರು, ಎಲ್ರಿಗೂ, ಫ್ರೆಂಡ್ಸಿಗೆ ಮಾತ್ರ, ಯಾರ್ಗೂ ಇಲ್ಲ ಅಂತ ಮೂರು ಥರ. ಯಾರೂ ಏನೂ ಮಾಡದಿದ್ರೆ ಲೋಕಕ್ಕೆ ಆ ಕದ ಮುಚ್ಚಿದ್ದೇ. ಸ್ಟೀಮ್ ಸ್ಪೈ ನಡೆಸೋರಿಗೆ ಹಳೇ ಲೆಕ್ಕ ಮುಂದುವರೆಸೋಕೇ ಆಗ್ಲಿಲ್ಲ. ಏನೂ ಮಾಡದೇ ಇದ್ದಾಗ ಕದ ತೆರೆದಿರ್ತದಾ ಮುಚ್ಚಿರ್ತದಾ ಅನ್ನೋದ್ರ ಮೇಲೇ ಎಲ್ಲ ನಿಂತಿರೋದು, ಯಾಕಂದ್ರೆ ಸೆಟ್ಟಿಂಗ್ ತೆಗೆದು ನೋಡೋರು ಬೆರಳೆಣಿಕೆ. ಅದೇ ವರ್ಷ ಮಾತಾಡೋ ಕಿಟಕಿಯನ್ನ ಹೊಸದಾಗಿ ಮಾಡಿ ಇನ್‌ವಿಸಿಬಲ್ ಅನ್ನೋದನ್ನೂ ಕೊಟ್ರು. ಬೇರೆ ಕಡೆ ಇಪ್ಪತ್ತು ವರ್ಷದ ಹಿಂದೆಯೇ ಇದ್ದ ಸವಲತ್ತು ಇಲ್ಲಿಗೆ ಬಂದಿದ್ದು ಆಗ. 2024ರಲ್ಲಿ ಒಂದೊಂದು ಆಟವನ್ನೇ ಆರಿಸಿ ಮುಚ್ಚಿಡೋ ದಾರೀನೂ ಆಯ್ತು.

ನಮ್ಮನೆ ವಿಷ್ಯ. ದೊಡ್ಡೋನು ಜರ್ಮನೀಲಿ ಅವ್ನೆ, ಚಿಕ್ಕೋನು ಈಗ ಎರಡನೇ ಪಿಯುಸಿ. ಇಬ್ರಿಗೂ ವಯಸ್ಸಲ್ಲಿ ದೊಡ್ಡ ಅಂತರ, ಆದ್ರೂ ಸ್ಟೀಮಲ್ಲಿ ಫ್ರೆಂಡ್ಸು. ದೊಡ್ಡೋನು ಸಂಜೆ ಆರಕ್ಕೆ ಮನೆಗೆ ಬಂದ್ರೆ ಚಳಿಗಾಲದಲ್ಲಿ ನಮಗೆ ರಾತ್ರಿ ಹತ್ತೂವರೆ. ಬಂದು ಅವ್ನು ಆಡೋದು ಯೂರೋ ಟ್ರಕ್ ಸಿಮ್ಯುಲೇಟರ್ 2 ಅಂತ, ಲಾರಿ ಓಡಿಸೋ ಆಟ. ಕಬ್ಬಿನ ಲಾರಿ ಓಡಿಸಿ ಸೊಂಟ ಬಿದ್ದೋಗಿರೋ ನಮ್ಮನೆಯವ್ರು "ಕಾಸು ಕೊಟ್ಟು ಲಾರಿ ಓಡಿಸ್ತಾನಾ ಇವ್ನು?" ಅಂತ ಈಗ್ಲೂ ಕೇಳ್ತಾರೆ. ನಾನು ಪಾತ್ರೆ ಬೋರಲು ಹಾಕಿ ಬರೋ ಹೊತ್ಗೆ ಚಿಕ್ಕೋನ ಪರದೇಲಿ ಅಣ್ಣನ ಲಾರಿ ಚೀಟಿ ಏಳ್ತಿತ್ತು. ಫೋನ್ ಮಾಡಿದ್ರೆ "ಉಂಡೆ, ಇದ್ದೀನಿ, ಇಡ್ತೀನಿ" ಅಷ್ಟೇ ಅನ್ನೋ ಹುಡುಗ. ಮಗ ಮನೆಗೆ ಬಂದವ್ನೆ ಅಂತ ಆ ಚೀಟಿ ನೋಡಿ ನಾನು ಮಲಿಕತ್ತಿದ್ದೆ.

ಹೋದ ಕಾರ್ತೀಕದಲ್ಲಿ ಒಂದಿನ ನಲ್ಲಿ ಹತ್ರ ನಮ್ಮ ಬೀದಿಯೋರೊಬ್ರು ಕೇಳಿದ್ರು: "ನಿಮ್ಮ ದೊಡ್ಡೋನ್ಗೆ ರಜಾನಾ? ಮೂರು ದಿನದಿಂದ ಮಧ್ಯಾಹ್ನವೇ ಲಾರಿ ಓಡಿಸ್ತಾವ್ನಂತೆ, ನಮ್ಮ ಹೈದ ಅಂತಿದ್ದ." ಅವ್ರ ಮಗನೂ ಆ ಪಟ್ಟೀಲಿ ಇದ್ದ. ನಮಗೆ ಮಧ್ಯಾಹ್ನ ಎರಡೂವರೆ ಅಂದ್ರೆ ಅಲ್ಲಿ ಹೊತ್ತಾರೆ ಹತ್ತು. ಆ ಹೊತ್ನಲ್ಲಿ ನಮ್ಮ ಚಿಕ್ಕೋನು ಕಾಲೇಜಲ್ಲಿ, ನಮ್ಮ ಕಂಪ್ಯೂಟರ್ ಆರಿರ್ತದೆ. ಹಂಗಾಗಿ ನಮ್ಮನೆ ಸುದ್ದಿ ನಮಗಿಂತ ಮುಂಚೆ ನಲ್ಲಿ ಹತ್ರ ಬಂದು ನಿಂತಿತ್ತು. ಕೇಳ್ದೋರು ಕೆಟ್ಟ ಮನಸ್ಸಿಂದ ಕೇಳ್ಲಿಲ್ಲ, ಇದನ್ನ ಓದ್ತಾ ಇದ್ರೆ ಬೇಜಾರು ಮಾಡ್ಕಬೇಡಿ. ರಂಗೋಲಿ ಇಲ್ಲದ ಬಾಗ್ಲ ಮುಂದೆ ನಿಂತು ನಾನೂ ಹಂಗೇ ಕೇಳ್ತಿದ್ದೆ.

ಆ ರಾತ್ರಿ ಚೀಟಿ ಏಳ್ಲಿಲ್ಲ. ಮಾರನೇ ದಿನವೂ ಇಲ್ಲ. ಚಿಕ್ಕೋನು ಪಟ್ಟಿ ತೆಗೆದು ತೋರಿಸಿದ, ಅಣ್ಣನ ಹೆಸರು ಬೂದಿ ಬಣ್ಣಕ್ಕೆ ತಿರುಗಿತ್ತು. "ಬಂದಿಲ್ಲ ಅಂತ್ಲೇ ಅಲ್ಲ ಅಮ್ಮ, ಬಂದು ಇನ್‌ವಿಸಿಬಲ್ ಆಗಿರಬಹುದು" ಅಂದ. ಫೋನಿಗೆ ಅದೇ "ಉಂಡೆ, ಇದ್ದೀನಿ". ನಾಕನೇ ದಿನ ನಾನೇ "ಮಗ, ಕೆಲ್ಸದ ಕಡೆ ಏನಾರ ಆಯ್ತೇನ್ಲಾ?" ಅಂದೆ. ಆಗ ಹೇಳಿದ. ಕಂಪ್ನೀಲಿ ಜನ ಕಮ್ಮಿ ಮಾಡಿದ್ರು, ಅದ್ರಲ್ಲಿ ಇವ್ನೂ ಒಬ್ಬ. ಹಗಲೊತ್ತು ಆಡ್ತಿರೋದು ಅಲ್ಲಿನ ಜೊತೆ ಕೆಲ್ಸದೋರಿಗೂ ಕಂಡು ಒಬ್ರು ಇನ್ನೊಬ್ರಿಗೆ ಹೇಳೋಕೆ ಶುರು ಮಾಡಿದ್ರಂತೆ. "ಇನ್ನೊಂದು ಕೆಲ್ಸ ಸಿಕ್ಮೇಲೆ ಹೇಳೋಣ ಅಂತಿದ್ದೆ ಅಮ್ಮ" ಅಂದ. ಈಗ ಜನವರಿಯಿಂದ ಬೇರೆ ಕಡೆ ಸೇರ್ಕಂಡವ್ನೆ, ಇದನ್ನೆಲ್ಲ ಬರೆಯೋಕೆ ಅವ್ನನ್ನ ಕೇಳೇ ಬರೀತಿರೋದು.

ನಮ್ಮನೆಯವ್ರು "ಹೆತ್ತೋರಿಂದ ಮುಚ್ಚಿಡೋದಾ?" ಅಂತ ಎರಡು ದಿನ ಉರಿದ್ರು. ನಂಗೆ ಕ್ವಾಪ ಬರ್ಲಿಲ್ಲ. ಕೆಲ್ಸ ಹೋದ ಸುದ್ದಿ ಹೇಳೋಕೆ ಅವನಿಗೂ ಒಂದು ಹೊತ್ತು, ಒಂದು ಬಾಯಿ ಬೇಕು. ಅದನ್ನ ಲಾರಿ ಆಟದ ಚೀಟಿ ಹೇಳಬಾರದಿತ್ತು. ನಾನು ಹೊರಗೆ ಕೂತಿದ್ದ ಕಾಲದಲ್ಲಿ ನಂಗೊಂದು ಇನ್‌ವಿಸಿಬಲ್ ಇದ್ದಿದ್ರೆ ನಾನು ಮೊದಲ್ನೇ ದಿನವೇ ಒತ್ತುತ್ತಿದ್ದೆ.

ಚಿಕ್ಕೋನ ಕಷ್ಟ ಬೇರೆ ಥರ. ಅವ್ನ ಪಟ್ಟೀಲಿ ಅರವತ್ತು ಚಿಲ್ಲರೆ ಜನ. ಓದೋಕೆ ಅಂತ ಕಂಪ್ಯೂಟರಲ್ಲಿ ಪಾಠ ಹಾಕಿದ್ರೆ ಮೂಲೇಲಿ ಅವ್ನು ಬಂದ, ಇವ್ನು ಆಡ್ತಾವ್ನೆ. ಪ್ರತಿ ಚೀಟಿಗೂ ಕಣ್ಣು ಅತ್ಲಾಗೆ. ಸ್ಟೀಮನ್ನೇ ತೆಗೆದಾಕು ಅಂದ್ರು ಅವ್ರಪ್ಪ. ತೆಗೆದ್ರೆ ಅಣ್ಣನ ಲಾರೀನೂ ಹೋಯ್ತದೆ ಅಂತ ನಾನು ಬೇಡ ಅಂದೆ. ಇಬ್ರೂ ಕೂತು ಸೆಟ್ಟಿಂಗ್ ನೋಡಿದ್ವಿ. ಫ್ರೆಂಡ್ಸ್ ಪಟ್ಟಿ ಕಿಟಕಿ ಮೇಲ್ಗಡೆ ಹಲ್ಲುಚಕ್ರದ ಗುರ್ತು ಇರ್ತದೆ. ಅದನ್ನ ಒತ್ತಿ ನೋಟಿಫಿಕೇಶನ್ಸ್ ಅನ್ನೋದ್ರೊಳಗೆ ಹೋದ್ರೆ ಫ್ರೆಂಡ್ ಬಂದಾಗ, ಆಟಕ್ಕೆ ಕೂತಾಗ, ಮೆಸೇಜು ಬಂದಾಗ ಅಂತ ಬೇರೆ ಬೇರೆ ಸಾಲು. ಪ್ರತಿ ಸಾಲಿಗೂ ಚೀಟಿ ಬೇಕಾ, ಸದ್ದು ಬೇಕಾ ಅಂತ ಎರಡು ಗುಂಡಿ. ಮೊದಲ ಎರಡು ಸಾಲಿನ ಚೀಟಿ, ಸದ್ದು ಎಲ್ಲ ಆರಿಸಿದ್ವಿ. ಮೆಸೇಜಿಗೆ ಸದ್ದು ಮಾತ್ರ ತೆಗೆದ್ವಿ. ಆಮೇಲೆ ಪಟ್ಟೀಲಿ ಅಣ್ಣನ ಹೆಸರಿನ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿ, ಮ್ಯಾನೇಜ್ ಅನ್ನೋದ್ರೊಳಗೆ ಇನ್ನೊಂದು ನೋಟಿಫಿಕೇಶನ್ಸ್ ಸಿಕ್ತದೆ. ಅಲ್ಲಿ ಒಬ್ಬೊಬ್ಬರಿಗೇ ಬೇರೆ ಇಟ್ಕಬಹುದು. ಅಣ್ಣಂದೊಂದು ಉಳಿಸಿದ್ವಿ.

ಚಿಕ್ಕೋನು ಇನ್ನೊಂದೂ ಮಾಡಿದ, ತಾನೂ ಇನ್‌ವಿಸಿಬಲ್ ಆಗಿ ಕೂತ. "ನಾನು ಕಂಡ್ರೆ ಬಾರೋ ಅಂತಾರೆ ಅಮ್ಮ" ಅಂದ. ತನಗೆ ಬರೋ ಚೀಟಿ ಆರಿಸೋದು, ತನ್ನಿಂದ ಹೋಗೋ ಚೀಟಿ ಆರಿಸೋದು ಎರಡೂ ಬೇರೆ ಬೇರೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಮನೇಲಿ ಹೈಕ್ಳಿದ್ದೋರು ಎರಡನ್ನೂ ಕೇಳಿ ನೋಡಿ.

ದೊಡ್ಡೋನು ಹೊಸ ಕೆಲ್ಸಕ್ಕೆ ಸೇರಿದ್ಮೇಲೂ ಕೆಲವು ದಿನ ಕಾಣ್ತಾನೆ, ಕೆಲವು ದಿನ ಕಾಣಲ್ಲ. ಯಾಕೆ ಅಂತ ನಾನು ಕೇಳಲ್ಲ. ಭಾನುವಾರ ಅವ್ನೇ ಫೋನ್ ಮಾಡ್ತಾನೆ, ಈಗೀಗ ಹತ್ತು ನಿಮಿಷ ಮಾತಾಡ್ತಾನೆ. ಹೋದ ವಾರ ಅವರಪ್ಪನ ಕೈಗೆ ಫೋನ್ ಕೊಟ್ಟಾಗ ಇಬ್ರೂ ಮಾತಾಡಿದ್ದು ಲಾರಿ ಗೇರಿನ ಬಗ್ಗೆ. ಆಟದಲ್ಲಿ ಹನ್ನೆರಡು ಗೇರು ಅದೆ ಅಂತ ಅವ್ನಂದ್ರೆ, "ಅಷ್ಟೆಲ್ಲ ಯಾಕ್ಲಾ?" ಅಂತ ಇವ್ರು.